ಬೂದು ಪುಟದ ಒಳಗಿನವರು

“ಆ ಚಾಕು ಕೆಳಗಿಡಿ,” ಎಂದರು ಪ್ರಕಾಶಕರು.

ದೊಡ್ಡಮ್ಮ ಇಡಲಿಲ್ಲ. ಮೂವತ್ತೊಂದು ವರ್ಷ ಪುಸ್ತಕ ಹೊಲಿದು ಕಟ್ಟಿದ ಕೈ ಅದು. ಕೆಲಸ ಬಿಟ್ಟ ಮೇಲೆ ಊರವರ ಗುಟ್ಟು ಬಿಚ್ಚುವ ಕಸುಬಿಗೆ ಇಳಿದಿದ್ದರೂ ಚಾಕು ಮಾತ್ರ ಅದೇ ಹಳೆಯದು. ಅದರ ಹಿಡಿ ಸವೆದು ಅವರ ಹೆಬ್ಬೆರಳಿನ ಆಕಾರಕ್ಕೇ ಬಂದಿತ್ತು.

“ಹೆದರಬೇಡಿ ಸಾರ್. ಕುಯ್ಯೋದು ಪುಸ್ತಕದ ಬೆನ್ನು, ನಿಮ್ಮದಲ್ಲ.”

“ಅದು ಮಾರಾಟದ ಪ್ರತಿ.”

“ನೀವೇ ಕಪಾಟಿನಿಂದ ತೆಗೆದುಕೊಟ್ರಿ. ಯಾವುದು ಬೇಕಾದ್ರೂ ತಗೊಳ್ಳಿ, ಎಲ್ಲಾ ಒಂದೇ ಅಂದ್ರಿ. ಅಂದು ಇನ್ನೂ ಐದು ನಿಮಿಷ ಆಗಿಲ್ಲ.”

ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ ಹತ್ತು ನಿಮಿಷವಾಗಿತ್ತು. ಕೆಳಗೆ ಪ್ರೆಸ್ಸಿನ ಬಾಗಿಲಲ್ಲಿ ಒಂದು ಬಾಡಿಗೆ ಗಾಡಿ ನಿಂತಿತ್ತು. ಅದರ ತುಂಬ ಮರದ ಹಲಗೆಗಳು, ಬಡಗಿ ಹೆಂಗಸು ನಾಲ್ಕು ತಿಂಗಳು ಕೂತು ಕೆತ್ತಿದ್ದು. ನಾಲ್ಕು ಗಂಟೆಯೊಳಗೆ ಪ್ರಕಾಶಕರು ಅವಳ ಮೇಲೆ ಕೊಟ್ಟ ಕಳವಿನ ದೂರು ಹಿಂತೆಗೆದುಕೊಂಡರೆ ಗಾಡಿ ನೇರ ಕಣ್ಣು ಕಾಣದ ಮಕ್ಕಳ ಶಾಲೆಗೆ ಹೋಗುತ್ತದೆ. ಇಲ್ಲದಿದ್ದರೆ ಹಲಗೆಗಳೆಲ್ಲ ಇಲ್ಲೇ ಇಳಿಯಬೇಕು, ಇಳಿದರೆ ನಾಳೆ ಗರಗಸದ ಬಾಯಿಗೆ.

ಕೋಣೆಯಲ್ಲಿ ಇದ್ದವರು ನಾಲ್ಕೇ ಜನ. ಮೇಜಿನ ಆ ಕಡೆ ಪ್ರಕಾಶಕರು. ಬಿಳಿ ಅಂಗಿಯ ಮೇಲೆ ಒಂದು ಸುಕ್ಕು ಹುಡುಕಿದರೂ ಸಿಗದಂಥ ಮನುಷ್ಯ. ಬಂದ ಹತ್ತು ನಿಮಿಷದಲ್ಲೇ ದೊಡ್ಡಮ್ಮ ಮನಸ್ಸಿನೊಳಗೆ ಅವರಿಗೆ ‘ಇಸ್ತ್ರಿ’ ಎಂದು ಹೆಸರಿಟ್ಟಾಗಿತ್ತು. ಈ ಕಡೆ ದೊಡ್ಡಮ್ಮನ ತಂಗಿಯ ಮಗಳು, ಕಪ್ಪು ಕೋಟಿನ ವಕೀಲೆ. ದೊಡ್ಡಮ್ಮನನ್ನು ಈ ವ್ಯವಹಾರಕ್ಕೆ ಎಳೆದು ತಂದವಳು ಅವಳೇ. ಗೋಡೆಗೆ ಒರಗಿ, ಕೂರಲೂ ಒಪ್ಪದೆ ನಿಂತಿದ್ದವಳು ಬಡಗಿ. ಅವಳ ಉಗುರಿನ ಸಂದಿಯಲ್ಲಿ ಇನ್ನೂ ಮರದ ಹುಡಿ ಇತ್ತು.

ಮೇಜಿನ ನಡುವೆ ಮೂರು ವಸ್ತುಗಳಿದ್ದವು: ಮಾರಾಟದ ಪ್ರತಿ, ಬಡಗಿಯ ಪ್ರತಿ ಮತ್ತು ಮಾದರಿಗೆಂದು ಗಾಡಿಯಿಂದ ತಂದ ಒಂದು ಹಲಗೆ.

ಪುಸ್ತಕದ ಹೆಸರು ‘ಆರು ದ್ವೀಪ’. ಮೇಜಿನ ಸುತ್ತ ಕೂತು, ದಾಳ ಎಸೆದು, ದೋಣಿ ನಡೆಸಿ, ಕಥೆ ಕಟ್ಟುತ್ತಾ ಆಡುವ ಆಟದ ಪುಸ್ತಕ ಅದು. ಬರೆದವಳು ಪ್ರಕಾಶಕರ ಅಕ್ಕ. ಹನ್ನೊಂದು ತಿಂಗಳ ಹಿಂದೆ, ಪುಸ್ತಕ ಅಚ್ಚಿಗೆ ಹೋದ ವಾರದಲ್ಲೇ, ಆಕೆ ಹತ್ತಿದ ದೋಣಿ ಮುಳುಗಿತು. ಕೈಚೀಲ ಸಿಕ್ಕಿತು, ಅಕ್ಕ ಸಿಗಲಿಲ್ಲ.

ಇಂಥ ಆಟದ ಪುಸ್ತಕಗಳಲ್ಲಿ ಒಂದು ಪದ್ಧತಿ ಇದೆ ಎಂದು ದೊಡ್ಡಮ್ಮನಿಗೆ ಗೊತ್ತಾದದ್ದೇ ನಿನ್ನೆ. ಬರೆದವರು ಒಂದಿಷ್ಟು ಭಾಗವನ್ನು ಲೋಕಕ್ಕೇ ಬಿಟ್ಟುಕೊಡಬಹುದು. ಅದನ್ನು ಯಾರು ಬೇಕಾದರೂ ತೆಗೆದುಕೊಂಡು, ಬದಲಿಸಿ, ತಮ್ಮ ಆಟಕ್ಕೆ ಸೇರಿಸಿಕೊಳ್ಳಬಹುದು. ಆದರೆ ಯಾವುದು ಬಿಟ್ಟುಕೊಟ್ಟದ್ದು, ಯಾವುದು ಅಲ್ಲ ಎಂದು ಪುಟದ ಮೇಲೆ ಗುರುತು ಹಾಕಿ ತೋರಿಸಬೇಕು. ಕೆಲವರು ಚೌಕಟ್ಟು ಎಳೆಯುತ್ತಾರೆ, ಕೆಲವರು ಅಂಚಿನಲ್ಲಿ ಚುಕ್ಕೆ ಇಡುತ್ತಾರೆ. ಈ ಅಕ್ಕ ಅಕ್ಷರಗಳ ಹಿಂದೆ ತಿಳಿಬೂದು ಬಣ್ಣ ಹಾಸಿದ್ದಳು. ಕೊನೆಯ ಪುಟದಲ್ಲಿ ಆಕೆಯದೇ ಮಾತು: ‘ಬೂದು ಇರುವಲ್ಲೆಲ್ಲ ಇದು ನಿಮ್ಮದು. ಬಿಳಿ ಇರುವಲ್ಲಿ ಇನ್ನೂ ನನ್ನದು. ತೆಗೆದುಕೊಳ್ಳಿ, ಕೊಟ್ಟವರನ್ನು ನೆನೆಯಿರಿ.’

ಇಷ್ಟು ದೊಡ್ಡ ಕೆಲಸ ಮಾಡಿ, ‘ಇದು ನಿಮ್ಮದು’ ಎಂದು ಒಂದೇ ಸಾಲಿನಲ್ಲಿ ಕೊಟ್ಟುಬಿಡುವ ಹೆಂಗಸು ಎಂಥವಳಿರಬೇಕು ಎಂದು ದೊಡ್ಡಮ್ಮ ನಿನ್ನೆಯಿಂದ ಬೆರಗಾಗಿ ಕೂತಿದ್ದರು. ಅವರ ಮನೆಯಲ್ಲಿ ಉಪ್ಪಿನ ಡಬ್ಬಿ ಪಕ್ಕದ ಮನೆಗೆ ಹೋದರೂ ಲೆಕ್ಕ ಇರುತ್ತಿತ್ತು.

ಜಗಳ ಇದ್ದದ್ದು ನಕ್ಷೆಯ ಅಧ್ಯಾಯದ ಮೇಲೆ. ಬಡಗಿ ಆ ಆರು ದ್ವೀಪಗಳನ್ನೇ ಮರದಲ್ಲಿ ಉಬ್ಬಿಸಿ ಕೆತ್ತಿದ್ದಳು, ಬೆರಳಲ್ಲಿ ಮುಟ್ಟಿ ಆಡಲೆಂದು. ಅವಳ ಪ್ರತಿಯಲ್ಲಿ ನಕ್ಷೆ ಬೂದು. ಪೇಟೆಯಲ್ಲಿ ಸಿಗುವ ಪ್ರತಿಯಲ್ಲೆಲ್ಲ ನಕ್ಷೆ ಬಿಳಿ.

“ನೂರು ಸಲ ಹೇಳಿದೀನಿ,” ಎಂದರು ಪ್ರಕಾಶಕರು, ಎಡತೋಳಿನ ಗುಂಡಿಯನ್ನು ತಿರುವುತ್ತಾ. “ಅಕ್ಕ ನಕ್ಷೆ ಕೊಡಲಿಲ್ಲ. ಬಿಳಿ ಅಂದ್ರೆ ಬಿಳಿ. ಇವರ ಪ್ರತಿ ನಕಲಿ.”

“ಹಾಗಾದ್ರೆ ಬೆನ್ನು ಬಿಚ್ಚೋದಕ್ಕೆ ಭಯ ಯಾಕೆ?”

ದೊಡ್ಡಮ್ಮ ಚಾಕು ಇಳಿಸಿದರು.

ಅಂಟಿನ ಬೆನ್ನು ಚರ್ ಎಂದು ಬಿಟ್ಟುಕೊಂಡಿತು. ಯಾವ ಓದುಗನೂ ನೋಡದ ಜಾಗ ಅದು. ಪುಟ ಎಷ್ಟೇ ಅಗಲಿಸಿದರೂ ಒಳಮಡಿಕೆಯ ಎರಡು ಕೂದಲೆಳೆ ಅಗಲ ಕತ್ತಲಲ್ಲೇ ಉಳಿಯುತ್ತದೆ. ಪುಸ್ತಕ ಕಟ್ಟುವವರಿಗೆ ಮಾತ್ರ ಆ ಕತ್ತಲಿನ ಪರಿಚಯ.

ದೊಡ್ಡಮ್ಮ ನಕ್ಷೆಯ ಹಾಳೆಯನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರು.

“ಬಾರೇ ಇಲ್ಲಿ. ಏನು ಕಾಣುತ್ತೆ?”

ತಂಗಿಯ ಮಗಳು ಬಗ್ಗಿ ನೋಡಿದಳು. “ಬಿಳಿ ಪುಟ. ಅಂಚಲ್ಲಿ ಒಂದು ಗೆರೆ ಇದೆ ದೊಡ್ಡಮ್ಮ.”

“ಎಂಥ ಗೆರೆ?”

“ಬೂದು.”

ಅಂಟು ಹತ್ತಿದ ಅಂಚಿನುದ್ದಕ್ಕೂ, ಮೇಲಿನಿಂದ ಕೆಳಗಿನವರೆಗೆ, ದಾರದಷ್ಟು ಸಪೂರ ಬೂದು ಪಟ್ಟಿ. ಪ್ರಕಾಶಕರ ಕೈ ತೋಳಿನ ಗುಂಡಿಯ ಮೇಲೆ ನಿಂತಿತು.

“ಪುಟಕ್ಕೆ ಬಣ್ಣ ಹಾಸುವಾಗ ಕತ್ತರಿಸೋ ಗೆರೆ ದಾಟಿಸಿ ಹಾಸ್ತಾರೆ,” ಎಂದರು ದೊಡ್ಡಮ್ಮ. “ಇಲ್ಲದಿದ್ರೆ ಕತ್ತರಿಸಿದ ಮೇಲೆ ಅಂಚಲ್ಲಿ ಬಿಳಿ ಇಣುಕುತ್ತೆ. ಬರೆದಾಕೆಗೆ ಈ ಕೆಲಸ ಗೊತ್ತಿತ್ತು, ಬೆನ್ನಿನ ಒಳಗಿನವರೆಗೂ ಬೂದು ಹಾಸಿದ್ಲು. ಆಮೇಲೆ ಯಾರೋ ಅದರ ಮೇಲೆ ಬಿಳಿ ಮುಚ್ಚಿದಾರೆ. ಮುಚ್ಚಿದವರಿಗೆ ಪುಟ ಗೊತ್ತು, ಪುಸ್ತಕ ಗೊತ್ತಿಲ್ಲ. ಕಣ್ಣಿಗೆ ಕಾಣೋ ಅಷ್ಟೇ ಮುಚ್ಚಿದ್ರು.”

“ಅಚ್ಚಿನ ಮಸಿ ಮೆತ್ತಿದ್ದಿರಬೇಕು,” ಎಂದರು ಪ್ರಕಾಶಕರು. ದನಿ ಮಾತ್ರ ಮೊದಲಿನಷ್ಟು ಗಟ್ಟಿ ಇರಲಿಲ್ಲ.

“ನೋಡೋಣ, ಮಸಿಯೋ ಏನೋ.”

ದೊಡ್ಡಮ್ಮ ಚೀಲದಿಂದ ಭೂತಗನ್ನಡಿ ತೆಗೆದರು. ದಾರದ ಎಳೆ ಎಣಿಸಲೆಂದು ಇಟ್ಟುಕೊಂಡದ್ದು, ಹಿತ್ತಾಳೆಯ ಕಾಲಿನದು. ಅದನ್ನು ಬೂದು ಪಟ್ಟಿಯ ಮೇಲೆ ನಿಲ್ಲಿಸಿ ಒಂದು ಕಣ್ಣು ಮುಚ್ಚಿದರು.

ಅಚ್ಚಿನ ಬೂದು ಎಂದರೆ ಬರೀ ಚುಕ್ಕೆಗಳು, ಕಪ್ಪು ಚುಕ್ಕೆ ದೂರ ದೂರ ಇಟ್ಟರೆ ಕಣ್ಣಿಗೆ ಬೂದಾಗಿ ಕಾಣುತ್ತದೆ. ಅದು ಅವರಿಗೆ ಗೊತ್ತಿದ್ದ ಸಂಗತಿಯೇ. ಗಾಜನ್ನು ಒಂದಿಷ್ಟು ಸರಿಸಿದರು. ಮತ್ತೆ ಸರಿಸಿದರು. ಆಮೇಲೆ ಮುಚ್ಚಿದ್ದ ಕಣ್ಣನ್ನೂ ತೆರೆದು, ಗಾಜು ಒರೆಸಿ, ಮೊದಲಿನಿಂದ ನೋಡಿದರು.

ಚುಕ್ಕೆಗಳಲ್ಲ. ಅಕ್ಷರಗಳು.

ಮೂವತ್ತೊಂದು ವರ್ಷದಲ್ಲಿ ಅವರ ಕೈ ದಾಟಿದ ಹಾಳೆಗಳಿಗೆ ಲೆಕ್ಕವಿಲ್ಲ, ಇಂಥದ್ದನ್ನು ಕಂಡಿರಲಿಲ್ಲ. ಬಡಗಿಯ ಪ್ರತಿಯನ್ನು ಎಳೆದುಕೊಂಡು ಅದರ ನಕ್ಷೆಯ ಪುಟ ತೆರೆದರು. ಅಲ್ಲಿ ಬೂದು ಪೂರ್ತಿ ಇತ್ತು. ಗಾಜು ಇಟ್ಟು ಸಾಲಿನ ಮೊದಲು ಹುಡುಕಿ, ನಿಧಾನವಾಗಿ, ಅಂಗನವಾಡಿಯ ಮಗುವಿನ ಹಾಗೆ ಒಂದೊಂದೇ ಕೂಡಿಸಿ ಓದತೊಡಗಿದರು.

“ಮೊದಲನೇ ದ್ವೀಪದ ಬಂದರು ಕೊಟ್ಟವರು ಅಂಚೆಯಣ್ಣ. ಬಂದರಿನ ದೀಪ ಕೊಟ್ಟವರು ಗಡಿಯಾರ ರಿಪೇರಿಯವರು, ಅವರಿಗೆ ಅದನ್ನು ಕೊಟ್ಟದ್ದು ಅವರ ಸೋದರಮಾವ. ಎರಡನೇ ದ್ವೀಪದಲ್ಲಿ ಸೋತವರಿಗೂ ಒಂದು ಮನೆ ಇರಲಿ ಎಂದವರು ಮೂರು ಮಕ್ಕಳ ತಾಯಿ, ಆಸ್ಪತ್ರೆಯ ನರ್ಸ್. ಬಿರುಗಾಳಿಯ ದಾರಿ ಕೊಟ್ಟವರು ಮೀನು ಮಾರುವ ಅಜ್ಜಿ. ಅಜ್ಜಿಗೆ ಕೊಟ್ಟದ್ದು ಅವರ ಅತ್ತೆ. ಅತ್ತೆಗೆ ಕೊಟ್ಟವರು ಯಾರೋ ಗೊತ್ತಿಲ್ಲ, ಕ್ಷಮಿಸಿ.”

ಕೆಳಗಿನ ಯಂತ್ರದ ಸದ್ದಿಗೆ ಲೋಟದಲ್ಲಿದ್ದ ನೀರು ನಡುಗುತ್ತಿತ್ತು.

“ಇನ್ನೊಂದು ಪುಟ ನೋಡಿ ದೊಡ್ಡಮ್ಮ,” ಎಂದಳು ತಂಗಿಯ ಮಗಳು ಪಿಸುದನಿಯಲ್ಲಿ.

ನೋಡಿದರು. ದಾಳದ ನಿಯಮದ ಪುಟದಲ್ಲಿ ಬೇರೆ ಜನ. ದೋಣಿಯ ಪುಟದಲ್ಲಿ ಇನ್ನೂ ಬೇರೆಯವರು. ಸರಕಿನ ಅಧ್ಯಾಯದ ಬೂದು ತುಂಬ ಒಂದೇ ಶಾಲೆಯ ಒಂದೇ ತರಗತಿ, ಬೆಂಚಿನ ಸಾಲಿನಲ್ಲಿ. ಮಾರಾಟದ ಪ್ರತಿಯಲ್ಲೂ ಹಾಗೇ ಇತ್ತು. ಸಾವಿರಾರು ಜನ ಅದನ್ನು ಕೊಂಡು, ಬೂದು ಬಣ್ಣ ಎಂದುಕೊಂಡು, ಅದರ ಮೇಲೆ ಚಹಾದ ಲೋಟ ಇಟ್ಟು ಆಡಿದ್ದರು.

‘ಕೊಟ್ಟವರನ್ನು ನೆನೆಯಿರಿ’ ಎಂದು ಬರೆದವಳು ತಾನೇ ಮೊದಲು ನೆನೆದಿದ್ದಳು. ಯಾರು ಹೇಗೆ ಕರೆಸಿಕೊಳ್ಳಲು ಬಯಸಿದರೋ ಹಾಗೆ, ಒಬ್ಬರನ್ನೂ ಬಿಡದೆ, ಪುಟದ ನೆಲಕ್ಕೆ ಅವರನ್ನೇ ಹಾಸಿದ್ದಳು. ಮೇಲಿನ ಮಾತೆಲ್ಲ ಅವರ ಮೇಲೆಯೇ ನಿಂತಿತ್ತು. ಸುಳ್ಳು ಹೇಳುವವರನ್ನೂ ಕದಿಯುವವರನ್ನೂ ಹುಡುಕಿ ಹುಡುಕಿ, ಲೋಕದಲ್ಲಿ ಇಂಥವರೂ ಇರುತ್ತಾರೆ ಎಂಬುದೇ ದೊಡ್ಡಮ್ಮನಿಗೆ ಮರೆತುಹೋಗಿತ್ತು.

“ಈಗ ಆ ಪಟ್ಟಿ,” ಎಂದು ಅವರು ಮಾರಾಟದ ಪ್ರತಿಯಿಂದ ಬಿಡಿಸಿದ ನಕ್ಷೆಯ ಹಾಳೆಯನ್ನು ಮತ್ತೆ ಹಿಡಿದರು. “ಒಂದೊಂದು ಸಾಲಿನ ಮೊದಲ ಎರಡು ಮೂರು ಅಕ್ಷರ ಮಾತ್ರ ಉಳಿದಿದೆ. ಬಡಗಿಯಮ್ಮನ ಪ್ರತೀಲಿ ಅದೇ ಸಾಲು ಅದೇ ಅಕ್ಷರದಿಂದಲೇ ಶುರು ಆಗುತ್ತೆ. ನೀವೇ ನೋಡಿ ಸಾರ್.”

ಪ್ರಕಾಶಕರು ಎದ್ದು ಬಂದರು. ಗಾಜಿನ ಮೇಲೆ ಬಗ್ಗಿದರು. ಅಂಗಿಯ ಬೆನ್ನಿನಲ್ಲಿ ಅಂದಿನ ಮೊದಲ ಸುಕ್ಕು ಬಿತ್ತು.

“ನನಗೆ ಇದು ಗೊತ್ತಿರಲಿಲ್ಲ,” ಎಂದರು ಕೊನೆಗೆ. “ದೇವರಾಣೆ ಗೊತ್ತಿರಲಿಲ್ಲ. ಬರೀ ಬಣ್ಣ ಅಂದುಕೊಂಡಿದ್ದೆ.”

“ಬಿಳಿ ಮುಚ್ಚಿದ್ದು?”

“ನಾನೇ.” ಅವರು ಕುರ್ಚಿಗೆ ಕುಸಿದು ಕೂತರು. “ಪುಟ ಜೋಡಿಸೋನ ಹತ್ತಿರ ಮಾಡಿಸಿದೆ. ಅಕ್ಕ ಎಲ್ಲಾನೂ ಕೊಟ್ಟುಬಿಟ್ಟಿದ್ಲು. ದಾಳ, ದೋಣಿ, ಬಿರುಗಾಳಿ, ಎಲ್ಲಾ. ಆ ನಕ್ಷೆ ಮಾತ್ರ ನಮ್ಮದು. ಚಿಕ್ಕೋರಿದ್ದಾಗ ಅಟ್ಟದ ಮೇಲೆ ಹಳೇ ಹೊದಿಕೆ ಹಾಸಿ ನಾವಿಬ್ಬರೇ ಆಡ್ತಿದ್ವಿ. ಅದನ್ನೂ ಊರಿಗೆಲ್ಲ ಹಂಚೋಕೆ ನನ್ನ ಒಂದು ಮಾತು ಕೇಳಬೇಡವಾ? ಕೇಳಲಿಲ್ಲ. ಆಮೇಲೆ ಕೇಳೋಕೆ ಅವಳೇ ಇರಲಿಲ್ಲ.”

ಬಡಗಿ ತಲೆ ತಗ್ಗಿಸಿದಳು. ದೊಡ್ಡಮ್ಮನಿಗೆ ಆ ಕ್ಷಣ ‘ಇಸ್ತ್ರಿ’ಯ ಮೇಲೆ ಕನಿಕರ ಹುಟ್ಟಿತು. ಅಕ್ಕಂದಿರು ಕೇಳದೆ ಮಾಡುವ ಕೆಲಸಗಳ ಪಟ್ಟಿ ಅವರಿಗೂ ಗೊತ್ತು, ಅವರೂ ಒಬ್ಬಳಿಗೆ ಅಕ್ಕನೇ.

ತಂಗಿಯ ಮಗಳು ಮಾತ್ರ ಸಮಯ ಹಾಳುಮಾಡುವವಳಲ್ಲ. ಒಂದು ಹಾಳೆ, ಒಂದು ಪೆನ್ನು ತೆಗೆದು ಅವರ ಮುಂದಿಟ್ಟಳು. “ನಿಮ್ಮಕ್ಕ ನಕ್ಷೇನ ಮುಕ್ತ ಅಂತ ಗುರುತು ಮಾಡಿದ್ರು, ಆ ಗುರುತನ್ನ ನೀವು ಅಳಿಸಿದ್ರಿ. ಇವರು ಕದ್ದಿಲ್ಲ. ದೂರು ಹಿಂದಕ್ಕೆ ತಗೊಂಡಿದೀನಿ ಅಂತ ಎರಡು ಸಾಲು ಬರೀರಿ ಸಾರ್. ಹಲಗೆಗಳು ಶಾಲೆಗೆ ಹೋಗಲಿ.”

ಗಡಿಯಾರದಲ್ಲಿ ಮೂರೂವರೆ. ಪ್ರಕಾಶಕರು ಪೆನ್ನು ಹಿಡಿದು ಒಂದು ಸಾಲು ಬರೆದರು. ಬಡಗಿ ಕಣ್ಣು ಮುಚ್ಚಿ ಗೋಡೆಗೆ ತಲೆ ಆನಿಸಿದಳು. ಗೆದ್ದೆವು ಎಂದುಕೊಂಡರು ದೊಡ್ಡಮ್ಮ. ಅಷ್ಟರಲ್ಲಿ ಪೆನ್ನು ನಿಂತಿತು.

“ಒಂದು ನಿಮಿಷ. ಆ ಪುಟ ಪೂರ್ತಿ ಓದಬೇಕು,” ಎಂದರು ಅವರು. “ನನ್ನ ಹೆಸರು ಬರೆದಿದಾಳಾ ನೋಡ್ತೀನಿ. ಅಟ್ಟದ ಮೇಲೆ ಆಡಿದ ತಮ್ಮ ಅಂತ.”

ಅವರು ಬಡಗಿಯ ಪ್ರತಿಯ ಮೇಲೆ ಗಾಜು ಇಟ್ಟು ಸಾಲು ಸಾಲಾಗಿ ಇಳಿದರು. ಮೂರನೇ ದ್ವೀಪ, ನಾಲ್ಕನೇ ದ್ವೀಪ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಪುಟದ ಬುಡಕ್ಕೆ ಬಂದಾಗ ಅದೂ ನಿಂತಿತು.

“ಏನಿದೆ?” ಎಂದರು ದೊಡ್ಡಮ್ಮ.

ಪ್ರಕಾಶಕರು ತಲೆ ಎತ್ತಲಿಲ್ಲ. ಗಟ್ಟಿಯಾಗಿ ಓದಿದರು. “ಆರು ದ್ವೀಪವನ್ನೂ ಮರದಲ್ಲಿ ಕೆತ್ತಿ ಬೆರಳಿಗೆ ದಾರಿ ಕೊಟ್ಟವರು ಬಡಗಿ.”

ಯಾರಿಗೂ ಒಂದು ಕ್ಷಣ ಹೊಳೆಯಲಿಲ್ಲ. ಹೊಳೆದಾಗ ದೊಡ್ಡಮ್ಮ ಗೋಡೆಯ ಕಡೆ ತಿರುಗಿದರು.

“ಕೆತ್ತೋಕೆ ಶುರು ಮಾಡಿದ್ದು ಯಾವಾಗಮ್ಮ?” ಎಂದು ಅವರೇ ಬಡಗಿಯನ್ನು ಕೇಳಿದರು, ಉತ್ತರ ಗೊತ್ತಿದ್ದರೂ.

“ನಾಲ್ಕು ತಿಂಗಳು,” ಎಂದಳು ಬಡಗಿ.

“ನನ್ನಕ್ಕ ಹೋಗಿ ಹನ್ನೊಂದು ತಿಂಗಳು.” ಪ್ರಕಾಶಕರು ಪೆನ್ನನ್ನು ಮೇಜಿಗೆ ಕುಕ್ಕಿದರು. “ಸತ್ತೋಳು ಇವರನ್ನ ನೆನೆದಿದಾಳೆ. ಮಾಡಿಲ್ಲದ ಕೆಲಸಕ್ಕೆ. ಇನ್ನೇನು ಸಾಕ್ಷಿ ಬೇಕು? ಈ ಪ್ರತಿ ನಕಲೀನೇ. ನೀವೇ ಅಕ್ಷರ ಸೇರಿಸಿ ಅಚ್ಚು ಹಾಕಿಸಿದೀರಿ. ನಕ್ಷೆ ಬೂದೇ ಇದ್ದಿರಬಹುದು, ಅಕ್ಕನ ಹೆಸರಲ್ಲಿ ನಕಲಿ ಪುಸ್ತಕ ಮಾಡಿದೋರ ಮೇಲಿನ ದೂರು ನಾನು ಹಿಂದಕ್ಕೆ ತಗೊಳ್ಳಲ್ಲ.”

ದೊಡ್ಡಮ್ಮ ಬಡಗಿಯ ಪ್ರತಿಯನ್ನು ಮುಚ್ಚಿ ಅದರ ಬೆನ್ನು ತಿರುಗಿಸಿದರು. ನಿನ್ನೆಯೇ ಕಣ್ಣಿಗೆ ಬಿದ್ದಿದ್ದ ಸಂಗತಿಯೊಂದನ್ನು ಅವರು ಸುಮ್ಮನೆ ಬದಿಗಿಟ್ಟಿದ್ದರು. ಪೇಟೆಯ ಪ್ರತಿಗಳಿಗೆಲ್ಲ ಅಂಟಿನ ಬೆನ್ನು. ಇದು ಮಾತ್ರ ಕೈಹೊಲಿಗೆ. ಅಚ್ಚಿಗೆ ಮುಂಚಿನ ಮಾದರಿ ಪ್ರತಿ ಇರಬೇಕು, ಅದನ್ನು ಕೈಯಲ್ಲೇ ಹೊಲಿಯುವುದುಂಟು ಎಂದುಕೊಂಡಿದ್ದರು. ಆದರೆ ಹೊಲಿಗೆಯ ಗಂಟುಗಳು ಒಳಗಿರುವ ಬದಲು ಹೊರಗಿದ್ದವು. ಹೊಸಬರು ಯಾರೋ ಕಲಿಯುತ್ತಿದ್ದಾರೆ ಎಂದು ನಕ್ಕು ಬಿಟ್ಟಿದ್ದರು. ಈಗ ನಗು ಬರಲಿಲ್ಲ.

“ಈ ಪುಸ್ತಕ ಎಲ್ಲಿಂದ ತಂದಿದ್ದು ತಾಯಿ?” ಎಂದರು ಮೆಲ್ಲಗೆ. “ಹಳೇ ಪುಸ್ತಕದ ಅಂಗಡೀಲಿ ತಗೊಂಡೆ ಅಂದಿದ್ದೆ. ಅದು ನಿಜ ಅಲ್ಲ, ಅಲ್ವಾ?”

ಬಡಗಿ ಉಗುರಿನ ಸಂದಿಯ ಮರದ ಹುಡಿ ಕೆರೆಯತೊಡಗಿದಳು.

“ಹೇಳಿಬಿಡಿ,” ಎಂದಳು ತಂಗಿಯ ಮಗಳು. “ಹೇಳದಿದ್ರೆ ಹಲಗೆ ಉಳಿಸೋಕೆ ನನ್ನ ಕೈಲಿ ಆಗಲ್ಲ. ನಾಲ್ಕು ತಿಂಗಳ ಕೆಲಸ. ಮಕ್ಕಳು ಕಾಯ್ತಾ ಇದಾರೆ.”

ಬಡಗಿ ಗೋಡೆ ಬಿಟ್ಟು ಮೇಜಿನ ಹತ್ತಿರ ಬಂದಳು. ಮಾದರಿ ಹಲಗೆಯನ್ನು ಎರಡು ಕೈಯಲ್ಲೂ ಎತ್ತಿದಳು. ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು, ಎಲ್ಲಾದರೂ ಸಿಬಿರು ಉಳಿದಿದೆಯೋ ಎಂದು ನೋಡುವ ಹಾಗೆ. ಆಮೇಲೆ ಅದನ್ನು ಪ್ರಕಾಶಕರ ಕಡೆಗೆ ಸರಿಸಿದಳು.

“ತಗೊಳ್ಳಿ ಸಾರ್. ಇದು, ಕೆಳಗಿರೋವೆಲ್ಲ, ಎಲ್ಲಾ ಇಳಿಸಿಕೊಳ್ಳಿ. ಕಳ್ಳಿ ಅಂತಾನೂ ಬರ್ಕೊಳ್ಳಿ. ಪುಸ್ತಕ ಯಾರು ಕೊಟ್ರು ಅಂತ ಮಾತ್ರ ಕೇಳಬೇಡಿ.”

ನಾಲ್ಕು ತಿಂಗಳು ಹಗಲೆಲ್ಲ ಕೂತು ಕೆತ್ತಿದವಳು, ನಿನ್ನೆ ಇದೇ ಹಲಗೆಗಳಿಗಾಗಿ ದೊಡ್ಡಮ್ಮನ ಅಂಗಳದಲ್ಲಿ ನಿಂತು ಕಣ್ಣೀರು ಹಾಕಿದವಳು. ಅವಳೇ ಈಗ ಒಂದು ಹೆಸರು ಉಳಿಸಲು ಎಲ್ಲವನ್ನೂ ಸರಿಸಿಬಿಟ್ಟಳು. ದೊಡ್ಡಮ್ಮನಿಗೆ ದಿಗ್ಭ್ರಮೆಯಾಯಿತು. ಯಾರಿಗಾಗಿ ಇಷ್ಟು?

ಪ್ರಕಾಶಕರು ಹಲಗೆಯನ್ನು ಎಳೆದುಕೊಂಡರು. ಗೆದ್ದವರ ಗತ್ತಿನಲ್ಲೇ ಎಳೆದುಕೊಂಡರು. ಇಷ್ಟು ದಿನ ಅದರ ಫೋಟೋ ಮಾತ್ರ ನೋಡಿದ್ದರು, ಮುಟ್ಟಿರಲಿಲ್ಲ. ಕೈ ತಾನಾಗಿಯೇ ಒಂದನೇ ದ್ವೀಪದ ಮೇಲೆ ಹೋಯಿತು. ಎರಡನೆಯದಕ್ಕೆ ಜಾರಿತು. ಮರದ ಅಲೆಗಳ ಮೇಲೆ ಬೆರಳು ತಾನೇ ದಾರಿ ಹುಡುಕುತ್ತಾ ನಡೆಯಿತು.

ಎಡಗಡೆಯ ಕೆಳಮೂಲೆಯಲ್ಲಿ, ಬರೀ ಸಮುದ್ರ ಇರಬೇಕಾದ ಕಡೆ, ಅವಲಕ್ಷಣದ ಒಂದು ಗಂಟಿತ್ತು. ನೋಡಿದವರಿಗೆ ಮರದ ಗಂಟು. ಇನ್ನೊಂದು ಚೊಕ್ಕ ಮರ ಸಿಗಲಿಲ್ಲವೇ ಇವಳಿಗೆ ಎಂದು ದೊಡ್ಡಮ್ಮನೂ ನಿನ್ನೆ ಅಂದುಕೊಂಡಿದ್ದರು.

ಪ್ರಕಾಶಕರ ಬೆರಳು ಅಲ್ಲಿಗೆ ಬಂದು ನಿಂತಿತು. ಸವರಿತು. ಮತ್ತೆ ಸವರಿತು. ಅವರ ಮುಖದ ಬಣ್ಣ ನೋಡುನೋಡುತ್ತಲೇ ಇಳಿಯಿತು.

“ಮೂರು ತೂತು,” ಎಂದರು.

“ಏನಂದ್ರಿ?” ಎಂದಳು ತಂಗಿಯ ಮಗಳು.

“ಇದು ಗಂಟಲ್ಲ, ಗುಂಡಿ. ನಾಲ್ಕು ತೂತಿನ ಗುಂಡಿ, ಒಂದು ತೂತು ಮುರಿದುಹೋಗಿದೆ.” ಅವರ ದನಿ ಚಿಕ್ಕ ಹುಡುಗನ ದನಿಯಾಗಿತ್ತು. “ನನ್ನ ಅಂಗೀದು. ಅಟ್ಟದ ಮೇಲೆ ಆಡುವಾಗ ನಾನು ಯಾವಾಗಲೂ ಸೋತು ಅಳ್ತಿದ್ದೆ. ಒಂದು ದಿನ ಅಕ್ಕ ಆ ಗುಂಡೀನ ಹೊದಿಕೆಯ ಮೂಲೇಲಿ ಇಟ್ಟು, ಇದು ಏಳನೇ ದ್ವೀಪ, ಇಲ್ಲಿ ನೀನೊಬ್ಬನೇ ರಾಜ, ಇಲ್ಲಿಗೆ ಯಾರ ದೋಣೀನೂ ಬರಲ್ಲ ಅಂದ್ಲು. ಅದನ್ನ ಪುಸ್ತಕದಲ್ಲಿ ಹಾಕಲಿಲ್ಲ. ಬೂದೂ ಮಾಡಲಿಲ್ಲ, ಬಿಳೀನೂ ಮಾಡಲಿಲ್ಲ. ಎಲ್ಲಾ ಕೊಟ್ಟೋಳು ಅದೊಂದನ್ನ ಕೊಡಲಿಲ್ಲ. ಅಮ್ಮನಿಗೂ ಹೇಳಿಲ್ಲ ಅದನ್ನ ನಾವು.”

ಅವರು ತಲೆ ಎತ್ತಿ ಬಡಗಿಯನ್ನು ನೋಡಿದರು.

“ನಿಮಗೆ ಯಾರು ಹೇಳಿದ್ರು?”

ಬಡಗಿಯ ಕಣ್ಣಲ್ಲಿ ನೀರು ತುಂಬಿತ್ತು. ದುಃಖದ ನೀರಿನ ಹಾಗೆ ಕಾಣಲಿಲ್ಲ ಅದು, ಹೊತ್ತ ಭಾರ ಇಳಿಸಿದವರ ನೀರು.

ದೊಡ್ಡಮ್ಮನ ಕೈ ಮಾತ್ರ ಇನ್ನೂ ಪುಸ್ತಕದ ಬೆನ್ನಿನ ಮೇಲಿತ್ತು. ಅವರು ಕಣ್ಣು ಮುಚ್ಚಿಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದರು. ಹೊರಗೆ ಬಂದ ಗಂಟುಗಳು ಒಂದಾದ ಮೇಲೊಂದು, ಒಂದೇ ಅಳತೆಯ ದೂರದಲ್ಲಿ, ಬೆರಳಿಗೆ ಲೆಕ್ಕ ಸಿಗುವ ಹಾಗೆ ಸಿಕ್ಕವು. ಇದು ಕಲಿಯುತ್ತಿರುವವರ ತಪ್ಪಲ್ಲ. ಗಂಟು ಬಿದ್ದಿದೆಯೋ ಇಲ್ಲವೋ ಎಂದು ಮುಟ್ಟಿಯೇ ತಿಳಿಯಬೇಕಾದವರ ಕೆಲಸ.

“ಇದನ್ನ ಹೊಲಿದವರಿಗೆ ಕಣ್ಣು ಕಾಣಲ್ಲ,” ಎಂದರು ದೊಡ್ಡಮ್ಮ. “ಅಲ್ವಾ ತಾಯಿ?”

ಬಡಗಿ ಹೌದೆಂದು ತಲೆಯಾಡಿಸಿದಳು.

“ನನ್ನ ತಮ್ಮ ಹಲಗೇನ ಬರೀ ಕಣ್ಣಲ್ಲಿ ನೋಡಿದ್ರೆ ಏನೂ ಹೇಳಬೇಡ ಅಂದಿದ್ರು ನಿಮ್ಮಕ್ಕ,” ಎಂದಳು. “ಹಲಗೆ ಹೋದ್ರೆ ಹೋಗಲಿ, ಮತ್ತೆ ಕೆತ್ತೋಣ ಅಂದ್ರು. ಕೈಯಿಟ್ಟು ಗುರುತು ಹಿಡಿದ್ರೆ ಮಾತ್ರ ಹೇಳು ಅಂದ್ರು. ಶಾಲೇಲೇ ಇದಾರೆ ಸಾರ್. ಅಲ್ಲೇ ಒಂದು ಸಣ್ಣ ಅಚ್ಚಿನ ಯಂತ್ರ ಇದೆ, ಈ ಪ್ರತಿ ಅದರಲ್ಲೇ ಹೊಸದಾಗಿ ಆಗಿದ್ದು. ಅಕ್ಷರ ಒತ್ತೋದು ಅವರ ಬೆರಳಿಗೆ ಮೊದಲಿಂದ ಅಭ್ಯಾಸ. ಯಾರು ಏನು ಹೊಸದಾಗಿ ಕೊಟ್ರೂ ಒಂದು ಸಾಲು ಸೇರಿಸಿಬಿಡ್ತಾರೆ.”

ಅಕ್ಕ ಬದುಕಿದ್ದಳು. ಕತ್ತಲಲ್ಲಿ ಕೂತು ಇನ್ನೂ ಕೊಟ್ಟವರನ್ನು ನೆನೆಯುತ್ತಿದ್ದಳು. ದೊಡ್ಡಮ್ಮನಿಗೆ ಕೂತಲ್ಲೇ ಕೈಮುಗಿಯಬೇಕು ಅನ್ನಿಸಿತು, ಯಾರ ಕಡೆಗೆ ಮುಗಿಯಬೇಕೆಂದು ತಿಳಿಯಲಿಲ್ಲ.

ಪ್ರಕಾಶಕರು ಅರ್ಧ ಬರೆದಿದ್ದ ಹಾಳೆಯನ್ನು ಎಳೆದುಕೊಂಡು, ಉಳಿದ ಸಾಲನ್ನು ಒಂದೇ ಉಸಿರಿಗೆ ಬರೆದು ಸಹಿ ಹಾಕಿ ವಕೀಲೆಯ ಕಡೆ ತಳ್ಳಿದರು.

“ದೂರು ಇಲ್ಲ. ಹಲಗೆಗಳು ಶಾಲೆಗೆ ಹೋಗಲಿ. ನಾನೂ ಅದೇ ಗಾಡೀಲಿ ಬರ್ತೀನಿ.” ಎದ್ದು ನಿಂತವರು ತಡೆದು, ಎಡತೋಳಿನ ಗುಂಡಿಯನ್ನು ಹಿಡಿದುಕೊಂಡರು. “ಆದ್ರೆ ಅವಳ ಕಣ್ಣು ಚೆನ್ನಾಗೇ ಇತ್ತು. ದೋಣಿ ಹತ್ತೋ ದಿನ ಬೆಳಿಗ್ಗೆ ಇದೇ ಗುಂಡಿ ಹೊಲಿದುಕೊಟ್ಲು. ಸೂಜಿಗೆ ದಾರ ತಾನೇ ಪೋಣಿಸಿದ್ಲು.”

“ಗೊತ್ತು ಸಾರ್,” ಎಂದಳು ಬಡಗಿ. “ದೋಣಿ ತಾನಾಗಿ ಮುಳುಗಲಿಲ್ಲ. ತಲೆಗೆ ಯಾರೋ ಹೊಡೆದ ಪೆಟ್ಟಿಗೆ ಹೋಗಿದ್ದು ಕಣ್ಣು. ಅದಕ್ಕೇ ಇಷ್ಟು ದಿನ ಬದುಕಿದೀನಿ ಅಂತ ಯಾರಿಗೂ ತಿಳಿಸಿಲ್ಲ. ಕೊನೇ ಸಲ ಅವರ ಕಣ್ಣು ನೋಡಿದ ಮುಖ ಯಾರದು ಅನ್ನೋದನ್ನ ನಿಮ್ಮೆದುರಿಗೇ ಹೇಳ್ತಾರಂತೆ.”

ತಂಗಿಯ ಮಗಳು ಆಗಲೇ ಮೆಟ್ಟಿಲ ಹತ್ತಿರ ನಿಂತು, ಗಾಡಿ ಹೊರಡಿಸಲು ಕೆಳಗಿನವರಿಗೆ ಕೈ ಬೀಸುತ್ತಿದ್ದಳು. ಎಂಜಿನ್ ಗುರ್ ಎಂದಿತು. ಗಡಿಯಾರದಲ್ಲಿ ನಾಲ್ಕಕ್ಕೆ ಇನ್ನೂ ಆರು ನಿಮಿಷವಿತ್ತು.

ಹಲಗೆಗಳು ಉಳಿದವು. ದೊಡ್ಡಮ್ಮ ಚಾಕು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾ ಪ್ರಕಾಶಕರ ಬಾಯನ್ನೇ ನೋಡುತ್ತಿದ್ದರು. ಇಂಥ ಮಾತು ಕಿವಿಗೆ ಬಿದ್ದ ಯಾವ ತಮ್ಮನಾದರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾರ ಮುಖ?

ಅವರು ಅದನ್ನು ಕೇಳಲಿಲ್ಲ. ತೋಳಿನ ಗುಂಡಿಯನ್ನು ತಿರುವುತ್ತಾ ಬಾಗಿಲ ಕಡೆಗೆ ನಡೆದವರು, ಹೊಸ್ತಿಲಲ್ಲಿ ತಿರುಗಿ ಬಡಗಿಯನ್ನು ಮೆಲ್ಲಗೆ ಕೇಳಿದರು.

“ಬೇರೆ ಯಾರಿಗಾದ್ರೂ ಹೇಳಿದಾಳಾ?”